ನಡುಮನೆಗೊಂದು ದೂರದರ್ಶನ

ಮನೆಗೆ ಬರುವ ವಸ್ತುಗಳಲ್ಲಿ ಹೆಚ್ಚಿನವು ತಮಗೆ ಕೊಟ್ಟ ಜಾಗದಲ್ಲಿ ಸುಮ್ಮನೆ ನೆಲೆಸುತ್ತವೆ. ಬೀರು ಮೂಲೆ ಸೇರುತ್ತದೆ, ಮಿಕ್ಸಿ ಅಡಿಗೆಮನೆಯ ಕಟ್ಟೆಯೇರುತ್ತದೆ, ಹೊಲಿಗೆ ಯಂತ್ರ ಕಿಟಕಿಯ ಬಳಿ ನಿಲ್ಲುತ್ತದೆ. ದೂರದರ್ಶನ ಮಾತ್ರ ಹಾಗಲ್ಲ. ಅದು ಬಂದ ದಿನವೇ ಮನೆಯ ಕುರ್ಚಿಗಳೆಲ್ಲ ಮುಖ ತಿರುಗಿಸಿಕೊಳ್ಳುತ್ತವೆ. ಅದುವರೆಗೆ ಎದುರುಬದುರಾಗಿದ್ದ ಆಸನಗಳು ಒಂದೇ ಗೋಡೆಯನ್ನು ನೋಡತೊಡಗುತ್ತವೆ. ಕುರ್ಚಿಗಳ ಮುಖ ತಿರುಗಿದ ಮೇಲೆ ಅವುಗಳ ಮೇಲೆ ಕುಳಿತವರ ಮುಖವೂ ತಿರುಗುತ್ತದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ನಡುಮನೆಗೆ ಯಾವ ದೂರದರ್ಶನ ತರಬೇಕೆಂಬ ಪ್ರಶ್ನೆ ಕೇವಲ ಅಂಗಡಿಯ ಪ್ರಶ್ನೆಯಲ್ಲ. ನಮ್ಮ ಮನೆಯವರು ದಿನದ ಕೊನೆಯ ಎರಡು ಮೂರು ಗಂಟೆಗಳಲ್ಲಿ ಯಾವ ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆಂಬ ಪ್ರಶ್ನೆ ಅದು.

ಈ ಮಾತನ್ನು ನಾನು ದೂರದರ್ಶನವನ್ನು ಹಳಿಯುವುದಕ್ಕಾಗಿ ಬರೆಯುತ್ತಿಲ್ಲ. ಹಳಿಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಹಲವರ ಮನೆಯಲ್ಲಿ ನಮ್ಮ ಮನೆಯದಕ್ಕಿಂತ ದೊಡ್ಡ ಟಿವಿ ಇದೆ. ನಮ್ಮ ಮನೆಯ ಹಳೆಯ ಟಿವಿ ಕೆಟ್ಟುಹೋಗಿ, ಹೊಸತೊಂದನ್ನು ಆರಿಸಬೇಕಾಗಿ ಬಂದಾಗ ಮನೆಯಲ್ಲಿ ನಡೆದ ಆಲೋಚನೆಯನ್ನು ಹಂಚಿಕೊಂಡರೆ, ಅಂತಹುದೇ ಸಂದರ್ಭದಲ್ಲಿರುವ ಕುಟುಂಬಗಳಿಗೆ ಒಂದಿಷ್ಟು ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಬಾಗಿಲಿದ್ದ ಪೆಟ್ಟಿಗೆ

ನಮ್ಮ ದೇಶದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾಯಿತು. ಕರ್ನಾಟಕದ ಹಳ್ಳಿಗರು ಅದನ್ನು ಕಂಡದ್ದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದ ಕಾಲದಲ್ಲಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಾರ್ವಜನಿಕ ಟಿವಿಗಳನ್ನು ಇರಿಸಲಾಗಿತ್ತು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಊರಿಗೆಲ್ಲ ಒಂದೇ ಪೆಟ್ಟಿಗೆ, ಅದರ ಮುಂದೆ ಊರೆಲ್ಲ. ಬೆಂಗಳೂರು ಕೇಂದ್ರ 1981ರಲ್ಲಿ ಆರಂಭವಾಯಿತು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣವೂ ಬಂದಿತು.

ಅಂದಿನ ಪೆಟ್ಟಿಗೆಗಳನ್ನು ನೆನೆಸಿಕೊಂಡರೆ ನನಗೆ ಇಂದಿಗೂ ಎರಡು ವಿಷಯಗಳು ಇಷ್ಟವಾಗುತ್ತವೆ. ಮೊದಲನೆಯದು, ಅವುಗಳಲ್ಲಿ ಹಲವಕ್ಕೆ ಮರದ ಬಾಗಿಲಿತ್ತು. ಡಯನೋರಾ, ಸಾಲಿಡೇರ್ ಮುಂತಾದ ಟಿವಿಗಳನ್ನು ಕಂಡವರಿಗೆ ಎರಡೂ ಬದಿಗೆ ಸರಿಯುವ ಆ ಷಟರ್ ನೆನಪಿರುತ್ತದೆ. ಕಾರ್ಯಕ್ರಮ ಮುಗಿದೊಡನೆ ಹಿರಿಯರು ಎದ್ದು ಬಾಗಿಲು ಮುಚ್ಚುತ್ತಿದ್ದರು; ಕೆಲವು ಮನೆಗಳಲ್ಲಿ ಬೀಗವನ್ನೂ ಹಾಕುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಅದೊಂದು ಪೀಠೋಪಕರಣ ಅಷ್ಟೆ. ಎರಡನೆಯದು, ಆ ಪೆಟ್ಟಿಗೆಗೆ ಒಂದು ತಲೆಯಿತ್ತು. ಅದರ ಮೇಲೆ ಕ್ರೋಷಾ ಹೆಣಿಗೆಯ ಬಟ್ಟೆ, ಬಟ್ಟೆಯ ಮೇಲೆ ಬಾಲಯೇಸುವಿನ ಪ್ರತಿಮೆ, ಪಕ್ಕದಲ್ಲಿ ಮದುವೆಯ ಚಿತ್ರ, ಪ್ಲಾಸ್ಟಿಕ್ ಹೂವಿನ ಕುಂಡ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳಲ್ಲಿ ಟಿವಿಯ ತಲೆಯೇ ಒಂದು ಪುಟ್ಟ ಪೀಠವಾಗಿತ್ತು. ಇಂದಿನ ಟಿವಿಗೆ ಬಾಗಿಲೂ ಇಲ್ಲ, ತಲೆಯೂ ಇಲ್ಲ. ಅದರ ಮೇಲೆ ಏನನ್ನೂ ಇಡುವಂತಿಲ್ಲ. ಅದನ್ನು ಮುಚ್ಚುವಂತೆಯೂ ಇಲ್ಲ. ಹಿಂದೆ ಪೆಟ್ಟಿಗೆಯೇ ನಮಗಾಗಿ ಮಾಡಿಕೊಡುತ್ತಿದ್ದ ಕೆಲಸಗಳನ್ನು ಈಗ ನಾವೇ ಯೋಚಿಸಿ ಮಾಡಬೇಕಾಗಿದೆ.

ಧರ್ಮಸಭೆ ಕಂಡ ಬಗೆ

ಈ ವಿಷಯದಲ್ಲಿ ಧರ್ಮಸಭೆ ನಮಗಿಂತ ಮೊದಲೇ ಯೋಚಿಸಿದೆ. ಪೋಪ್ ಹನ್ನೆರಡನೇ ಪಯಸ್‌ರವರು 1957ರಲ್ಲಿ ಚಲನಚಿತ್ರ, ಆಕಾಶವಾಣಿ ಮತ್ತು ದೂರದರ್ಶನಗಳನ್ನು ಕುರಿತು ‘ಮಿರಾಂದಾ ಪ್ರೋರ್ಸುಸ್’ ಎಂಬ ವಿಶ್ವಪತ್ರವನ್ನು ಬರೆದರು. ಮರುವರ್ಷ ಅಸ್ಸಿಸಿಯ ಸಂತ ಕ್ಲಾರಮ್ಮನವರನ್ನು ದೂರದರ್ಶನದ ಪಾಲಕ ಸಂತರೆಂದು ಸಾರಿದರು. ಹದಿಮೂರನೆಯ ಶತಮಾನದ ಒಬ್ಬ ಕನ್ಯಾಸ್ತ್ರೀಗೂ ಈ ಯಂತ್ರಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ಸಂತ ಕ್ಲಾರಮ್ಮನವರು ಬಹುಕಾಲ ರೋಗದಿಂದ ಹಾಸಿಗೆ ಹಿಡಿದಿದ್ದವರು. ಒಂದು ಕ್ರಿಸ್ಮಸ್ ರಾತ್ರಿ ಜೊತೆಯ ಸೋದರಿಯರೆಲ್ಲ ಪ್ರಾರ್ಥನೆಗೆ ಹೋದಾಗ ಅವರೊಬ್ಬರೇ ಕೋಣೆಯಲ್ಲಿ ಉಳಿದರು. ಆಗ ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಆರಾಧನೆ ಅವರ ಕಣ್ಣಿಗೆ ಕಂಡಿತು, ಕಿವಿಗೆ ಕೇಳಿಸಿತು ಎಂಬುದು ಪರಂಪರೆಯ ನಂಬಿಕೆ. ಹೋಗಲಾಗದವರ ಬಳಿಗೆ ದೂರದ್ದನ್ನು ತಂದುಕೊಡುವುದೇ ಅಲ್ಲವೆ ದೂರದರ್ಶನದ ಕೆಲಸ? ಆ ದೃಷ್ಟಿಯಿಂದ ನೋಡಿದರೆ ಪೋಪರ ಆಯ್ಕೆ ಬಹಳ ಅರ್ಥಪೂರ್ಣವೆನಿಸುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ‘ಇಂತೆರ್ ಮಿರಿಫಿಕಾ’ ಆಜ್ಞಾಪತ್ರವು ಈ ಸಾಧನಗಳನ್ನು ಮನುಷ್ಯನ ಬುದ್ಧಿಗೆ ದೇವರು ಕರುಣಿಸಿದ ಅದ್ಭುತಗಳೊಂದಿಗೆ ಎಣಿಸಿತು. ಜೊತೆಗೆ ಅವನ್ನು ಬಳಸುವವರ ಹೊಣೆಯನ್ನೂ ನೆನಪಿಸಿತು. ಪೋಪ್ ಎರಡನೇ ಜಾನ್ ಪೌಲ್‌ರವರು 1994ರ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ದೂರದರ್ಶನ ಮತ್ತು ಕುಟುಂಬ ಎಂಬ ವಿಷಯಕ್ಕೇ ಮೀಸಲಿಟ್ಟರು. ಮಕ್ಕಳನ್ನು ಗಂಟೆಗಟ್ಟಲೆ ಟಿವಿಯ ಮುಂದೆ ಕೂರಿಸಿ ತಮ್ಮ ಕೆಲಸ ನೋಡಿಕೊಳ್ಳುವ ತಂದೆತಾಯಿಗಳು, ಮಕ್ಕಳ ಮೊದಲ ಗುರುಗಳೆಂಬ ತಮ್ಮ ಸ್ಥಾನವನ್ನು ಬಿಟ್ಟುಕೊಡುತ್ತಿದ್ದಾರೆಂದು ಅವರು ಅದರಲ್ಲಿ ಎಚ್ಚರಿಸಿದರು. 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸ್‌ರವರದು ಇನ್ನೊಂದು ದಾರಿ. 1990ರ ಜುಲೈ 15ರ ರಾತ್ರಿ ಕಾರ್ಮೆಲ್ ಮಾತೆಗೆ ಮಾಡಿದ ಹರಕೆಯಂತೆ ತಾವು ಅಂದಿನಿಂದ ಟಿವಿ ನೋಡುವುದಿಲ್ಲವೆಂದು ಅವರು 2015ರಲ್ಲಿ ಒಂದು ಪತ್ರಿಕಾ ಸಂದರ್ಶನದಲ್ಲಿ ತಿಳಿಸಿದ್ದರು. ಆದರೆ ಅದೇ ಹರಕೆಯನ್ನು ಎಲ್ಲರೂ ಮಾಡಬೇಕೆಂದು ಅವರು ಬೋಧಿಸಲಿಲ್ಲ. ಒಬ್ಬರಿಗೆ ತ್ಯಾಗ ದಾರಿಯಾದರೆ ಇನ್ನೊಬ್ಬರಿಗೆ ಮಿತವಾದ ಬಳಕೆ ದಾರಿ. ಎರಡಕ್ಕೂ ಮೊದಲು ಬೇಕಾದುದು ಯೋಚನೆ.

ಅತ್ತೆಯವರ ಮಾತು

ನಮ್ಮ ಮನೆಯಲ್ಲಿ ಐದು ಮಂದಿ. ನಮ್ಮ ಯಜಮಾನರು, ನಾನು, ಪದವಿ ಪೂರ್ವ ತರಗತಿಯಲ್ಲಿರುವ ಮಗ, ಏಳನೆಯ ತರಗತಿಯ ಮಗಳು, ಮತ್ತು ಎಂಬತ್ತರ ಹತ್ತಿರದ ಅತ್ತೆಯವರು. ಅತ್ತೆಯವರು ಸೊಂಟದ ಮೂಳೆ ಮುರಿದುಕೊಂಡ ಮೇಲೆ ದೇವಾಲಯದ ಮೆಟ್ಟಿಲು ಹತ್ತಲಾರರು. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಕಿವಿ ಸ್ವಲ್ಪ ಮಂದ. ಹಳೆಯ ಟಿವಿ ಕೆಟ್ಟಾಗ ಭಾನುವಾರದ ಬಲಿಪೂಜೆಯ ಪ್ರಸಾರ ತಪ್ಪಿಹೋಗಿ ಹೆಚ್ಚು ನೊಂದವರು ಅವರೇ.

ವಿಷಯ ತಿಳಿದ ನನ್ನ ನಾದಿನಿ ದೂರದ ಊರಿನಿಂದ ದೂರವಾಣಿ ಮಾಡಿದಳು. “ಅತ್ತಿಗೆ, ಅಮ್ಮನ ಕೋಣೆಗೇ ಒಂದು ಚಿಕ್ಕ ಟಿವಿ ಹಾಕಿಸಿಬಿಡಿ. ದುಡ್ಡು ನಾನು ಕಳಿಸ್ತೀನಿ. ಮಲಗಿದ ಹಾಗೇ ಪೂಜೆ ನೋಡಬಹುದು. ಮಕ್ಕಳ ಓದಿಗೂ ತೊಂದರೆಯಿಲ್ಲ” ಎಂದಳು. ಮಾತಿನಲ್ಲಿ ಪ್ರೀತಿಯಿತ್ತು, ವಿವೇಕವೂ ಇತ್ತು. ಎಲ್ಲರಿಗೂ ಸರಿಯೆನಿಸಿತು. ಮಗನಂತೂ ಆ ಕ್ಷಣವೇ ನಡುಮನೆಗೆ 55 ಅಂಗುಲದ ಲೆಕ್ಕ ಹಾಕತೊಡಗಿದ.

ಅತ್ತೆಯವರನ್ನು ಕೇಳದೆ ತೀರ್ಮಾನಿಸಬಾರದೆಂದು ಅಂದು ರಾತ್ರಿ ಊಟದ ಹೊತ್ತಿಗೆ ವಿಷಯ ಎತ್ತಿದೆವು. ಅವರು ತಟ್ಟೆಯಿಂದ ತಲೆಯೆತ್ತದೆ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, “ಬೇಡಮ್ಮ” ಎಂದರು. “ನನ್ನ ಕೋಣೇಲಿ ಟಿವಿ ಇಟ್ಟರೆ ನನಗೆ ಟಿವಿ ಸಿಗುತ್ತೆ, ನೀವು ಸಿಗೋಲ್ಲ.”

ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿಸಿದರು. “ಈಗ ಟಿವಿ ನೋಡೋಕೆ ಅಂತ ನಾನು ಕೋಲು ಹಿಡಿದು ಹಾಲ್‌ಗೆ ಬರ್ತೀನಿ. ಬಂದರೆ ಮಕ್ಕಳ ಮುಖ ಕಾಣುತ್ತೆ. ನನಗೆ ಕೇಳಿಸದೆ ಇದ್ದದ್ದನ್ನ ಪುಟ್ಟಿ ಜೋರಾಗಿ ಹೇಳ್ತಾಳೆ. ಕೋಣೇಲೇ ಇಟ್ಟುಬಿಟ್ಟರೆ ಆಮೇಲೆ ಊಟಾನೂ ಅಲ್ಲಿಗೇ ಬರುತ್ತೆ.”

ಈ ಕೊನೆಯ ಮಾತು ನಮ್ಮೆಲ್ಲರನ್ನೂ ಬಹಳ ಹೊತ್ತು ಯೋಚನೆಗೆ ಹಚ್ಚಿತು. ಇಂದು ಅನುಕೂಲವಿರುವ ಮನೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಟಿವಿ, ಪ್ರತ್ಯೇಕ ಫ್ಯಾನು ಎಲ್ಲವೂ ಇರುತ್ತವೆ. ನೋಡಿದವರು ಮಕ್ಕಳನ್ನು ಮೆಚ್ಚುತ್ತಾರೆ. ಆ ಮೆಚ್ಚಿಕೆಯಲ್ಲಿ ತಪ್ಪೇನಿಲ್ಲ. ಆದರೆ ಕೋಣೆಯೊಳಗೆ ಎಲ್ಲವನ್ನೂ ಒದಗಿಸಿದಾಗ ಕೋಣೆಯಿಂದ ಹೊರಗೆ ಬರಲು ಇರುವ ಕಾರಣಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ನಡೆಯಲು ಕಷ್ಟಪಡುವ ವೃದ್ಧರಿಗೆ ದಿನಕ್ಕೆರಡು ಬಾರಿ ಹಾಲ್‌ವರೆಗೆ ನಡೆದು ಬರುವ ಒಂದು ನೆಪವಾದರೂ ಬೇಕು. ಹಾಸಿಗೆಯಿಂದ ಏಳಲಾರದವರ ಮಾತು ಬೇರೆ. ಅವರಿಗೆ ಕೋಣೆಯಲ್ಲಿ ಒಂದು ಪರದೆ ದೊಡ್ಡ ಉಪಕಾರವೇ ಸರಿ. ಆದರೆ ಎದ್ದು ಬರಬಲ್ಲವರನ್ನು ಅನುಕೂಲದ ಹೆಸರಿನಲ್ಲಿ ಕೋಣೆಯಲ್ಲೇ ಉಳಿಸುವುದು ಬೇಡವೆಂದು ನಿರ್ಧರಿಸಿದೆವು. ಮನೆಗೆ ಒಂದೇ ಟಿವಿ, ಅದೂ ನಡುಮನೆಯಲ್ಲಿ, ಅತ್ತೆಯವರನ್ನು ಗಮನದಲ್ಲಿಟ್ಟುಕೊಂಡು ಆರಿಸಿದ್ದು: ಇಷ್ಟು ಗೊತ್ತಾದ ಮೇಲೆ ಉಳಿದ ಪ್ರಶ್ನೆಗಳು ಸುಲಭವಾದವು.

ಗೋಡೆ ಮತ್ತು ಅಳತೆ

ಮೊದಲ ಪ್ರಶ್ನೆ ಗೋಡೆಯದು. ನಮ್ಮ ಹಾಲ್‌ಗೆ ಬಾಗಿಲಿನ ಎದುರಿನ ಪೂರ್ವದ ಗೋಡೆಯೇ ಮುಖ್ಯ. ಅಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರವಿದೆ. ನಾವು ಈ ಮನೆಗೆ ಬಂದಾಗ ಧರ್ಮಕೇಂದ್ರದ ಗುರುಗಳು ಬಂದು ಪ್ರತಿಷ್ಠಾಪಿಸಿ ಹರಸಿದ ಚಿತ್ರ ಅದು. ಅಂಗಡಿಯಿಂದ ಅಳತೆ ನೋಡಲು ಬಂದ ಹುಡುಗ ಆ ಗೋಡೆಯನ್ನೇ ತೋರಿಸಿ, “ಟಿವಿಗೆ ಇದೇ ಸರಿಯಾದ ಜಾಗ ಮೇಡಂ, ಫೋಟೊ ಸ್ವಲ್ಪ ಪಕ್ಕಕ್ಕೆ ಹಾಕಿಕೊಳ್ಳಿ” ಎಂದ. ಅವನು ಯಾವ ಅಗೌರವದಿಂದಲೂ ಹೇಳಿದ್ದಲ್ಲ. ಅವನ ಕಣ್ಣಿಗೆ ಅದು ಖಾಲಿಯಿರಬೇಕಾಗಿದ್ದ ಒಂದು ಒಳ್ಳೆಯ ಗೋಡೆ.

ಚಿತ್ರವನ್ನು ಸರಿಸುವುದಿಲ್ಲವೆಂದು ನಮ್ಮ ಯಜಮಾನರು ಹೇಳಿದರು. ಆಶ್ಚರ್ಯವೆಂದರೆ, ಭಕ್ತಿಯ ಕಾರಣವನ್ನು ಬದಿಗಿಟ್ಟು ನೋಡಿದರೂ ಅದೇ ಸರಿಯಾದ ನಿರ್ಧಾರವಾಗಿತ್ತು. ಪೂರ್ವದ ಗೋಡೆಯ ಎದುರಿಗೆ ಪಶ್ಚಿಮದ ಕಿಟಕಿಯಿದೆ. ಸಂಜೆಯ ಬಿಸಿಲು ನೇರವಾಗಿ ಅಲ್ಲಿಗೇ ಬೀಳುತ್ತದೆ. ಕಿಟಕಿಯ ಎದುರಿಗೆ ಪರದೆಯನ್ನಿಟ್ಟರೆ ಚಿತ್ರಕ್ಕಿಂತ ಕಿಟಕಿಯ ಪ್ರತಿಬಿಂಬವೇ ಹೆಚ್ಚು ಕಾಣುತ್ತದೆ. ಪೊರೆ ತೆಗೆಸಿಕೊಂಡ ಕಣ್ಣಿಗೆ ಆ ಹೊಳಪು ಇನ್ನೂ ಕಷ್ಟ. ಬೆಳಕು ಬದಿಯಿಂದ ಬೀಳುವ ಗೋಡೆಯೇ ಟಿವಿಗೆ ಯೋಗ್ಯ. ಹೀಗಾಗಿ ಉತ್ತರದ ಗೋಡೆ ಗೊತ್ತಾಯಿತು. ಅತ್ತೆಯವರ ಕೋಣೆಯ ಬಾಗಿಲೂ ಆ ಗೋಡೆಯಲ್ಲೇ ಇರುವುದರಿಂದ ಅಲ್ಲಿ ಉಳಿದಿದ್ದುದು ಸುಮಾರು ನಾಲ್ಕೂವರೆ ಅಡಿ ಅಗಲ.

ಎರಡನೆಯ ಪ್ರಶ್ನೆ ಗಾತ್ರದ್ದು. ಟಿವಿಯ ಅಂಗುಲವೆಂದರೆ ಅಗಲವಲ್ಲ. ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗಿರುವ ಓರೆಯಳತೆ. 43 ಅಂಗುಲದ ಪರದೆ ಸುಮಾರು 95 ಸೆಂಟಿಮೀಟರ್ ಅಗಲವಿರುತ್ತದೆ. 55 ಅಂಗುಲದ್ದು ಸುಮಾರು 122 ಸೆಂಟಿಮೀಟರ್, ಎಂದರೆ ನಾಲ್ಕು ಅಡಿ. ಕುಳಿತವರ ಕಣ್ಣಿಗೂ ಪರದೆಗೂ ನಡುವೆ ಈ ಓರೆಯಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು ದೂರವಿದ್ದರೆ ನೋಟ ಹಿತವಾಗಿರುತ್ತದೆಯೆಂಬುದು ಸಾಮಾನ್ಯ ಲೆಕ್ಕ. ನಮ್ಮ ಸೋಫಾದಿಂದ ಆ ಗೋಡೆಗೆ ಏಳೂವರೆ ಅಡಿ, ಎಂದರೆ 90 ಅಂಗುಲ. ಲೆಕ್ಕದ ಪ್ರಕಾರ 43 ಅಂಗುಲವೂ ಸರಿ, 55 ಅಂಗುಲವೂ ಸರಿ. ಮಗ ಗೆದ್ದೆನೆಂದುಕೊಂಡ.

ಆಗ ಒಂದು ಕೆಲಸ ಮಾಡಿದೆವು. ಇದನ್ನು ಯಾರು ಬೇಕಾದರೂ ಖರ್ಚಿಲ್ಲದೆ ಮಾಡಬಹುದು. ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಎರಡು ಗಾತ್ರದ ಹಾಳೆಗಳನ್ನು ಕತ್ತರಿಸಿ, ಒಂದೊಂದನ್ನು ಎರಡೆರಡು ದಿನ ಗೋಡೆಗೆ ಅಂಟಿಸಿಟ್ಟೆವು. ದೊಡ್ಡ ಹಾಳೆ ಬಾಗಿಲ ಚೌಕಟ್ಟಿನಿಂದ ಮೂಲೆಯವರೆಗೂ ಹಬ್ಬಿತು. ಹಾಲ್‌ನೊಳಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಖಾಲಿ ಕಾಗದಕ್ಕೇ ಅಷ್ಟು ಬಲವಿದ್ದರೆ ಓಡಾಡುವ ಬಣ್ಣದ ಚಿತ್ರಕ್ಕೆ ಎಷ್ಟಿರಬೇಡ! ಚಿಕ್ಕ ಹಾಳೆ ಗೋಡೆಯ ಮೇಲೆ ಒಂದು ವಸ್ತುವಾಗಿ ಇತ್ತು, ಗೋಡೆಯೇ ಆಗಿರಲಿಲ್ಲ. ಮಗನೇ ಎರಡನೆಯ ದಿನ, “ದೊಡ್ಡದು ನಮ್ಮ ಹಾಲ್‌ಗೆ ಸ್ವಲ್ಪ ಜಾಸ್ತಿ ಆಯಿತು” ಎಂದ. ಲೆಕ್ಕ ಅವನ ಕಡೆಗಿತ್ತು, ಗೋಡೆ ನಮ್ಮ ಕಡೆಗಿತ್ತು.

ಅತ್ತೆಯವರಿಗೆ ಅಕ್ಷರಗಳು ದೊಡ್ಡದಾಗಿ ಕಾಣಬೇಡವೆ ಎಂಬ ಪ್ರಶ್ನೆ ಉಳಿದಿತ್ತು. ದೊಡ್ಡ ಪರದೆ ತರುವ ಬದಲು ಅವರ ಕೈಕುರ್ಚಿಯನ್ನೇ ಎರಡು ಅಡಿ ಮುಂದಕ್ಕೆ ತಂದೆವು. ಆ ಎರಡು ಅಡಿಗೆ ಖರ್ಚೇನೂ ಆಗಲಿಲ್ಲ. ಪರದೆಯ ನಡುಭಾಗವನ್ನು ಕುಳಿತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರಕ್ಕೆ ಬರುವಂತೆ ಕೂರಿಸಿದೆವು. ಕೆಲವು ಮನೆಗಳಲ್ಲಿ ಟಿವಿಯನ್ನು ಕ್ಯಾಲೆಂಡರಿನಂತೆ ಎತ್ತರದಲ್ಲಿ ತೂಗುಹಾಕುತ್ತಾರೆ. ತಲೆಯೆತ್ತಿ ನೋಡಿ ಕತ್ತು ನೋಯಿಸಿಕೊಳ್ಳುವವರು ಹಿರಿಯರೇ.

ಅಂಗಡಿಯ ಬೆಳಕಿನಲ್ಲಿ

ಅಂಗಡಿಯಲ್ಲಿ ಇಪ್ಪತ್ತು ಪರದೆಗಳು ಸಾಲಾಗಿ ಹೊಳೆಯುತ್ತಿರುವಾಗ ಯಾವುದು ಹೆಚ್ಚು ಹೊಳೆಯುತ್ತದೆಯೋ ಅದೇ ಉತ್ತಮವೆಂದು ತೋರುವುದು ಸಹಜ. ಆದರೆ ಅಂಗಡಿಯ ಬೆಳಕೇ ಬೇರೆ, ಮನೆಯ ಬೆಳಕೇ ಬೇರೆ. ಪ್ರದರ್ಶನಕ್ಕಿಟ್ಟ ಟಿವಿಗಳ ಬಣ್ಣ, ಹೊಳಪುಗಳನ್ನು ಮಿತಿಮೀರಿ ಏರಿಸಿರುತ್ತಾರೆ. ಅದನ್ನು ಮನೆಯ ಬಳಕೆಯ ಮಟ್ಟಕ್ಕೆ ಇಳಿಸಿ ತೋರಿಸಲು ಕೇಳಬೇಕು. ನಾವು ನೋಡುವ ಕನ್ನಡ ವಾರ್ತೆಯನ್ನೇ ಹಾಕಿ ತೋರಿಸಲು ಕೇಳಬೇಕು.

ಹೆಸರುಗಳ ಗೊಂದಲವೂ ದೊಡ್ಡದು. ಎಲ್ಇಡಿ ಎಂದು ಮಾರುವ ಟಿವಿ ವಾಸ್ತವದಲ್ಲಿ ಎಲ್ಸಿಡಿ ಪರದೆಯೇ. ಅದರ ಹಿಂದಿನ ಬೆಳಕು ಮಾತ್ರ ಎಲ್ಇಡಿ ದೀಪಗಳದ್ದು. ಕ್ಯೂಎಲ್ಇಡಿಯೂ ಅದೇ ಜಾತಿ, ಬಣ್ಣ ಇನ್ನಷ್ಟು ಚೆನ್ನಾಗಿರುತ್ತದೆ. ಒಎಲ್ಇಡಿಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುವುದರಿಂದ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತದೆ. ಆದರೆ ಬೆಲೆ ಬಹಳ ಹೆಚ್ಚು, ಮತ್ತು ವಾಹಿನಿಯ ಚಿಹ್ನೆಯಂತಹ ಕದಲದ ಚಿತ್ರ ವರ್ಷಾನುಗಟ್ಟಲೆ ಒಂದೇ ಕಡೆ ನಿಂತರೆ ಅದರ ಕಲೆ ಉಳಿಯುವ ಸಂಭವವಿದೆ. ದಿನವಿಡೀ ಒಂದೇ ವಾಹಿನಿ ಹಾಕುವ ಮನೆಗಳಿಗೆ ಅದು ಅಷ್ಟು ಹೊಂದುವುದಿಲ್ಲ. 4ಕೆ ಎಂದರೆ 3840 ಅಡ್ಡ ಚುಕ್ಕೆ, 2160 ಉದ್ದ ಚುಕ್ಕೆ. ಫುಲ್ ಎಚ್‌ಡಿ ಎಂದರೆ 1920, 1080. ಕೇಬಲ್ ಮೂಲಕ ಬರುವ ಹೆಚ್ಚಿನ ವಾಹಿನಿಗಳು ಇಂದಿಗೂ 4ಕೆಯಲ್ಲಿ ಪ್ರಸಾರವಾಗುವುದಿಲ್ಲವೆಂಬುದನ್ನು ನೆನಪಿಟ್ಟರೆ, ಈ ಸಂಖ್ಯೆಗೆ ಎಷ್ಟು ಹಣ ತೆರಬಹುದೆಂಬುದು ತಾನಾಗಿ ತಿಳಿಯುತ್ತದೆ.

ನಮಗೆ ಮುಖ್ಯವಾದುವು ಬೇರೆ ಮೂರು ಸಂಗತಿಗಳು. ಅತ್ತೆಯವರ ಕುರ್ಚಿ ಒಂದು ಬದಿಗಿರುವುದರಿಂದ ಓರೆಯಾಗಿ ನೋಡಿದರೂ ಬಣ್ಣ ಮಾಸದ ಪರದೆ ಬೇಕಾಗಿತ್ತು. ಐಪಿಎಸ್ ಎಂಬ ಬಗೆಯ ಪರದೆಯಲ್ಲಿ ಈ ಗುಣವಿದೆ. ವಿಎ ಎಂಬ ಬಗೆಯಲ್ಲಿ ಕಪ್ಪು ಚೆನ್ನಾಗಿದ್ದರೂ ಬದಿಯಿಂದ ನೋಡಿದಾಗ ಚಿತ್ರ ಸ್ವಲ್ಪ ಬಿಳಿಚಿಕೊಳ್ಳುತ್ತದೆ. ಹೆಸರು ನೆನಪಿರದಿದ್ದರೂ ಚಿಂತೆಯಿಲ್ಲ. ಅಂಗಡಿಯಲ್ಲಿ ಎದುರಿಗಲ್ಲದೆ ಬದಿಗೆ ನಿಂತು ನೋಡಿದರೆ ಸಾಕು. ಎರಡನೆಯದು ಧ್ವನಿ. ಇಂದಿನ ತೆಳು ಟಿವಿಗಳ ಧ್ವನಿವರ್ಧಕ ಕೆಳಕ್ಕೋ ಹಿಂದಕ್ಕೋ ಮುಖಮಾಡಿರುವುದರಿಂದ ಸದ್ದು ದೊಡ್ಡದಾದರೂ ಮಾತು ಸ್ಪಷ್ಟವಿರುವುದಿಲ್ಲ. ಹಾಡು ಹಾಕಿಸಿ ಕೇಳುವುದಕ್ಕಿಂತ ವಾರ್ತೆ ಅಥವಾ ಪ್ರಬೋಧನೆ ಹಾಕಿಸಿ, ಪ್ರತಿಯೊಂದು ಪದವೂ ಕೇಳುತ್ತದೆಯೇ ಎಂದು ನೋಡಬೇಕು. ಮೂರನೆಯದು ರಿಮೋಟು: ಗುಂಡಿಗಳು ದೊಡ್ಡವಾಗಿದ್ದು, ವೃದ್ಧರ ಬೆರಳಿಗೆ ಸುಲಭವಾಗಿ ಸಿಗುವಂತಿರಬೇಕು.

ಖರ್ಚಿನ ಮಾತು. 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಮೇಲಿದ್ದ ಶೇಕಡಾ 28ರ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ಬೆಲೆ ಇಳಿಯಿತೆಂದು ಗಾತ್ರವನ್ನು ಏರಿಸಬೇಕಾಗಿಲ್ಲ. ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಎಂಬುದು ಬರೆದಿರುತ್ತದೆ, ಅದನ್ನು ಓದಬೇಕು. 80 ವ್ಯಾಟ್‌ನ ಟಿವಿಯನ್ನು ದಿನಕ್ಕೆ ಐದು ಗಂಟೆ ಹಾಕಿದರೆ ತಿಂಗಳಿಗೆ 12 ಯೂನಿಟ್. ದುರಸ್ತಿಯ ಕೇಂದ್ರ ನಮ್ಮ ಊರಿನಲ್ಲಿದೆಯೇ ಎಂದು ಕೇಳಬೇಕು. ಕಂತಿನಲ್ಲಿ ಕೊಳ್ಳುವವರು, ಶಾಲೆಯ ಶುಲ್ಕದ ತಿಂಗಳಲ್ಲೂ ಆ ಕಂತು ಕಟ್ಟಲಾದೀತೇ ಎಂದು ಯೋಚಿಸಬೇಕು. ಕೆಟ್ಟ ಟಿವಿಯನ್ನು ಕಸದ ತೊಟ್ಟಿಗೆ ಎಸೆಯದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು; ಅದರೊಳಗಿನ ವಸ್ತುಗಳು ಮಣ್ಣಿಗೂ ನೀರಿಗೂ ವಿಷ. ದೇವರ ಸೃಷ್ಟಿಯನ್ನು ಕಾಯುವುದೂ ನಮ್ಮ ವಿಶ್ವಾಸದ ಭಾಗವೇ.

ಇಂದಿನ ಟಿವಿ ಅಂತರ್ಜಾಲಕ್ಕೆ ಸೇರಿದ ಯಂತ್ರ. ಅದರಲ್ಲಿ ಒಳ್ಳೆಯದೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಮಕ್ಕಳ ವಯಸ್ಸಿಗೆ ತಕ್ಕ ಬೀಗವನ್ನು ಸಂಖ್ಯೆಯ ಮೂಲಕ ಹಾಕುವ ಸೌಲಭ್ಯ ಅದರಲ್ಲೇ ಇದೆ. ತಂದ ದಿನವೇ ಅದನ್ನು ಹಾಕಿಸುವುದು ಒಳ್ಳೆಯದು. ಹಳೆಯ ಪೆಟ್ಟಿಗೆಯ ಮರದ ಬಾಗಿಲು ಈಗ ಈ ರೂಪದಲ್ಲಿ ಉಳಿದಿದೆಯೆನ್ನಬಹುದು.

ಪರದೆಯ ಪೂಜೆ, ಪೀಠದ ಪೂಜೆ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದ್ದ ದಿನಗಳನ್ನು ಯಾರೂ ಮರೆತಿರಲಾರರು. ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್‌ರವರು ಮಳೆ ಸುರಿಯುತ್ತಿದ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಟಿವಿಯಲ್ಲಿ ಕಂಡಿತು. ಆ ತಿಂಗಳುಗಳಲ್ಲಿ ಅತ್ತೆಯವರು ಭಾನುವಾರ ಸ್ನಾನ ಮಾಡಿ, ದೇವಾಲಯಕ್ಕೆ ಉಡುವ ಸೀರೆಯನ್ನೇ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಟಿವಿಯ ಮುಂದೆ ಕೂರುತ್ತಿದ್ದರು. ಪೂಜೆ ನಡೆಯುವಾಗ ಯಾರೂ ಕಾಫಿ ಲೋಟ ಹಿಡಿದು ಬರುವಂತಿರಲಿಲ್ಲ. ಇಂದಿಗೂ ಅವರದು ಅದೇ ಪದ್ಧತಿ.

ಆದರೆ ಎರಡರ ನಡುವಿನ ವ್ಯತ್ಯಾಸವನ್ನು ಅವರಷ್ಟು ಸ್ಪಷ್ಟವಾಗಿ ಬಲ್ಲವರೂ ಕಡಿಮೆ. ಪರದೆಯ ಪೂಜೆ ಹೋಗಲಾಗದವರಿಗೆ ದೊಡ್ಡ ಸಾಂತ್ವನ. ಹೋಗಬಲ್ಲವರಿಗೆ ಅದು ಭಾನುವಾರದ ಕರ್ತವ್ಯದ ಬದಲಿಯಲ್ಲ. ತಿಂಗಳ ಮೊದಲ ಶುಕ್ರವಾರ ಗುರುಗಳು ಪರಮ ಪ್ರಸಾದವನ್ನು ಮನೆಗೆ ತರುತ್ತಾರೆ. ಆ ದಿನ ಟಿವಿ ಬೆಳಗಿನಿಂದಲೇ ಮೌನ. ಮಳೆಗಾಲದ ಒಂದು ಭಾನುವಾರ ಮಗ, “ಅಜ್ಜಿ, ಇವತ್ತು ನಿಮ್ಮ ಜೊತೆಗೇ ಟಿವೀಲಿ ಪೂಜೆ ನೋಡಿಬಿಡ್ತೀನಿ” ಎಂದಾಗ ಅವರು ಕೊಟ್ಟ ಉತ್ತರ ಸರಳವಾಗಿತ್ತು: “ಟಿವೀಲಿ ಕಾಣೋ ಊಟ ಹೊಟ್ಟೆಗೆ ಬರುತ್ತೇನೋ? ನನಗೆ ಕಾಲಿಲ್ಲ, ನಿನಗಿದೆ. ಹೋಗಿ ಬಾ. ಬಂದು ಗುರುಗಳು ಏನು ಹೇಳಿದರು ಅಂತ ನನಗೆ ಹೇಳು.” ಮಗ ಛತ್ರಿ ಹಿಡಿದು ಹೊರಟ.

ಹೊಸ ಟಿವಿಗೆ ಮನೆಯಲ್ಲಿ ಕೆಲವು ಪದ್ಧತಿಗಳನ್ನು ಮಾಡಿಕೊಂಡೆವು. ಸಂಜೆಯ ಜಪಸರ ಮುಗಿದ ಮೇಲಷ್ಟೇ ಟಿವಿ. ಊಟದ ಹೊತ್ತಿಗೆ ಅದು ಬಂದ್. ಕೈಯ ಫೋನುಗಳಿಗೂ ಅದೇ ನಿಯಮ, ದೊಡ್ಡವರೂ ಸೇರಿ. ವಾರ್ತೆಯಲ್ಲಿ ಯಾರದಾದರೂ ಕಷ್ಟ ಕಂಡರೆ ಮರುದಿನದ ಜಪಸರದಲ್ಲಿ ಅವರನ್ನು ನೆನೆಯುವುದು. ತಪಸ್ಸುಕಾಲದ ಕೊನೆಯಲ್ಲಿ ದೇವಾಲಯದ ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚುವ ರೂಢಿಯುಂಟಲ್ಲವೆ? ಅದನ್ನು ನೆನೆದು ಅತ್ತೆಯವರು ತಮ್ಮ ಒಂದು ಹಳೆಯ ಸೀರೆಯಿಂದ ಟಿವಿಗೊಂದು ಹೊದಿಕೆ ಹೊಲಿಸಿದರು. “ಸಂತರನ್ನೇ ಮುಚ್ಚಿದ ಮೇಲೆ ಇದನ್ನ ಯಾಕೆ ಬಿಡಬೇಕು?” ಎಂಬುದು ಅವರ ವಾದ. ಪವಿತ್ರ ಗುರುವಾರದ ಸಂಜೆ ಹಾಕಿದ ಹೊದಿಕೆ ಪಾಸ್ಖ ಹಬ್ಬದ ಬೆಳಿಗ್ಗೆ ತೆಗೆಯುತ್ತೇವೆ. ಆ ಮೂರು ದಿನ ಹಾಲ್ ಎಷ್ಟು ದೊಡ್ಡದಾಗಿ ಕಾಣುತ್ತದೆಂದರೆ, ಬಂದ ನೆಂಟರು ಗೋಡೆಗೆ ಹೊಸ ಬಣ್ಣ ಬಳಿಸಿದಿರಾ ಎಂದು ಕೇಳುತ್ತಾರೆ.

ಕಂಡದ್ದನ್ನು ಹೇಳುವುದು

ಪ್ರಭು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಕಣ್ಣನ್ನು ದೇಹದ ದೀಪಕ್ಕೆ ಹೋಲಿಸಿದರು. ಕಣ್ಣು ನೋಡಿದ್ದು ಕಣ್ಣಲ್ಲೇ ಉಳಿಯುವುದಿಲ್ಲ, ಒಳಗಿನ ಬೆಳಕೋ ಕತ್ತಲೆಯೋ ಆಗುತ್ತದೆ. ಒಂದು ಮನೆಯ ಮಂದಿ ಒಟ್ಟಿಗೆ ಕುಳಿತು ನೋಡುವುದು ಆ ಮನೆಯ ಒಳಗನ್ನೂ ಹಾಗೆಯೇ ರೂಪಿಸುತ್ತದೆ.

ಸಂತ ಕ್ಲಾರಮ್ಮನವರ ಕಥೆಯಲ್ಲಿ ಇನ್ನೊಂದು ಪುಟ್ಟ ಭಾಗವಿದೆ. ಅದನ್ನು ಹೇಳದೆ ಮುಗಿಸಲಾರೆ. ಸೋದರಿಯರು ಆರಾಧನೆ ಮುಗಿಸಿ ಮರಳಿ ಬಂದಾಗ ಅವರು ತಾವು ಕಂಡದ್ದನ್ನು, ಕೇಳಿದ್ದನ್ನು ಅವರಿಗೆ ಸಂತೋಷದಿಂದ ಹೇಳಿದರು. ದರ್ಶನ ಅವರೊಬ್ಬರ ಕೋಣೆಯಲ್ಲೇ ಮುಗಿಯಲಿಲ್ಲ. ಮಾತಾಗಿ ಎಲ್ಲರ ಪಾಲಾಯಿತು. ದೂರದರ್ಶನದ ಪಾಲಕ ಸಂತರಿಂದ ನಾವು ಕಲಿಯಬೇಕಾದ ಪಾಠ ಇದೇ ಇರಬಹುದು.

ಆದ್ದರಿಂದ ಪ್ರಿಯ ಓದುಗರೇ, ಟಿವಿ ಕೊಳ್ಳಲು ಅಂಗಡಿಗೆ ಹೊರಡುವ ಮೊದಲು ನಿಮ್ಮ ನಡುಮನೆಯ ಕುರ್ಚಿಗಳಲ್ಲಿ ಒಮ್ಮೆ ಎಲ್ಲರೂ ಕುಳಿತುಕೊಳ್ಳಿ. ಯಾರು ಯಾರ ಪಕ್ಕದಲ್ಲಿರುತ್ತಾರೆ, ಯಾರಿಗೆ ಜಾಗವಿಲ್ಲ, ಯಾರು ಕೋಣೆಯಲ್ಲೇ ಉಳಿದುಬಿಡುತ್ತಾರೆ ಎಂದು ನೋಡಿ. ಅಂಗುಲ, ಚುಕ್ಕೆ, ನಕ್ಷತ್ರಗಳ ಲೆಕ್ಕ ಆಮೇಲಿನದು. ಆರಿಸಿದ ಮೇಲೆ ತನ್ನ ಕೆಲಸ ಮಾಡಿ ಸುಮ್ಮನಿರಬಲ್ಲ ಟಿವಿಯೇ ಒಳ್ಳೆಯ ಟಿವಿ. ಅದನ್ನು ಆರಿಸಿದ ಬಳಿಕ ಮನೆಯವರಿಗೆ ಒಬ್ಬರೊಂದಿಗೊಬ್ಬರು ಹೇಳಿಕೊಳ್ಳಲು ಏನಾದರೂ ಉಳಿದಿದ್ದರೆ, ನಿಮ್ಮ ಆಯ್ಕೆ ಸರಿಯಾಗಿದೆಯೆಂದು ತಿಳಿಯಿರಿ.